ಮೊಬೈಲಿನಿಂದ ತೆರೆಯುವ ಬೀಗ ನಮ್ಮ ಮನೆಗೆ ಹಾಕಿಸಬಹುದಾ?

ಪ್ರಶ್ನೆ: ಸರ್, ನಮ್ಮದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಹಳೆಯ ಬಿಲ್ಡಿಂಗ್, ಎರಡನೇ ಮಹಡಿ. ನಾನು, ನಮ್ಮ ಯಜಮಾನರು, ಮಗ ಮೂವರೂ ಬೆಳಗ್ಗೆ ಲೋಕಲ್ ಹಿಡಿದು ಹೋಗಿಬಿಡುತ್ತೇವೆ. ಮನೆಯಲ್ಲಿ ಅತ್ತೆ ಒಬ್ಬರೇ, ಅವರಿಗೆ 79. ಹನ್ನೊಂದಕ್ಕೆ ಕೆಲಸದ ಬಾಯಿ (ಮನೆಗೆಲಸದಾಕೆ) ಬರುತ್ತಾರೆ, ಆಗ ಮಂಡಿನೋವಿನಲ್ಲೇ ಎದ್ದು ಹೋಗಿ ಅತ್ತೆ ಬಾಗಿಲು ತೆಗೆಯಬೇಕು. ಪುಣೆಯ ಒಂದು ಸ್ಟಾರ್ಟಪ್‌ನ ಹುಡುಗರು ನಮ್ಮ ಸೊಸೈಟಿಗೆ ಬಂದು ಚಾವಿಯೇ ಇಲ್ಲದ, ಮೊಬೈಲಿನಿಂದ ತೆರೆಯುವ ಬೀಗ ತೋರಿಸಿದರು. ಹತ್ತು ಮನೆಗಳಿಗೆ ಆರು ತಿಂಗಳು ಟ್ರಯಲ್, ದುಡ್ಡು ಕೊಡಬೇಕಿಲ್ಲ. ಹತ್ತಿರ ಹೋದರೆ ಸಾಕು, ತಾನಾಗಿ ತೆರೆಯುತ್ತೆ ಎಂದು ಮಗ ಕುಣಿಯುತ್ತಿದ್ದಾನೆ. ಆದರೆ ಸೊಸೈಟಿ ವಾಟ್ಸಾಪ್ ಗ್ರೂಪಿನಲ್ಲಿ ಬೇರೆಯೇ ಸುದ್ದಿ. ಕಳ್ಳರು ಬ್ಲೂಟೂತ್ ಹಿಡಿದುಕೊಂಡು ಬಂದು ಬೀಗ ತೆಗೀತಾರಂತೆ, ಕರೆಂಟ್ ಹೋದರೆ ಒಳಗಿರುವವರು ಒಳಗೇ ಸಿಕ್ಕಿಕೊಳ್ಳುತ್ತಾರಂತೆ. ಟ್ರೇನಿನಲ್ಲಿ ಮೊಬೈಲ್ ಕಳುವಾದರೆ ಏನು ಗತಿ ಎಂದು ಯಜಮಾನರ ಚಿಂತೆ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿರುವ ನಿಜವಾದ ತೊಂದರೆ ಒಂದೇ ಸಾಲಿನದು: ಬಾಯಿ ಬಂದಾಗ ಅತ್ತೆ ಏಳಬೇಕು. ಉಳಿದದ್ದೆಲ್ಲ ಆ ತೊಂದರೆಗೆ ಯಾರೋ ತಂದುಕೊಟ್ಟ ಬೀಗದ ಬಗ್ಗೆ ಇರುವ ಭಯ. ಭಯಗಳನ್ನು ಮೊದಲು ಮುಗಿಸೋಣ, ಆಮೇಲೆ ಅತ್ತೆಯ ಮಂಡಿಗೆ ಬರೋಣ. ನಾನು ಠಾಣೆ, ಮುಲುಂಡ್, ಕಲ್ಯಾಣ್ ಕಡೆ ಬೀಗ, ಕಾರ್ಡ್ ಸಿಸ್ಟಮ್, ಡೋರ್ ಫೋನ್ ಕೂರಿಸುವವನು. ಯಾವ ಕಂಪನಿಯ ಏಜೆಂಟೂ ಅಲ್ಲ.

ಬ್ಲೂಟೂತ್ ಕಳ್ಳನ ಕಥೆ ಪೂರ್ತಿ ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 2016ರಲ್ಲಿ ಲಾಸ್ ವೇಗಸ್‌ನ ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮಾವೇಶದಲ್ಲಿ ಇಬ್ಬರು ಸಂಶೋಧಕರು 16 ಬ್ಲೂಟೂತ್ ಬೀಗಗಳನ್ನು ಪರೀಕ್ಷೆ ಮಾಡಿ 12 ತೆರೆದು ತೋರಿಸಿದರು. ಕೆಲವು ಬೀಗಗಳಲ್ಲಿ ಪಾಸ್‌ವರ್ಡ್ ಮುಚ್ಚುಮರೆ ಇಲ್ಲದೆ ಗಾಳಿಯಲ್ಲಿ ಹೋಗುತ್ತಿತ್ತು, ಹಿಡಿದು ಓದಿಕೊಂಡರೆ ಆಯಿತು. 2018ರಲ್ಲಿ ಟ್ಯಾಪ್‌ಲಾಕ್ ಎಂಬ ಬೆರಳಚ್ಚಿನ ಬೀಗದ ಮರ್ಯಾದೆ ಹೋಯಿತು. ಅದರ ಗುಪ್ತ ಕೀಲಿಯನ್ನು ಅದರದೇ ಬ್ಲೂಟೂತ್ ವಿಳಾಸದಿಂದ ಲೆಕ್ಕ ಹಾಕಿ ಮಾಡಿದ್ದರು, ಆ ವಿಳಾಸವನ್ನೋ ಬೀಗವೇ ಸುತ್ತಮುತ್ತಲಿನವರಿಗೆಲ್ಲ ಸಾರಿಕೊಂಡು ಕೂತಿರುತ್ತದೆ! ಎರಡು ಸೆಕೆಂಡ್ ಕೂಡ ಹಿಡಿಯಲಿಲ್ಲ. ಇವೆಲ್ಲ ಹೊಸ ಕಂಪನಿಗಳು ಅವಸರದಲ್ಲಿ ಮಾಡಿದ ಎಡವಟ್ಟು. ಸರಿಯಾಗಿ ಮಾಡಿದರೆ ಪ್ರತಿ ಸಲವೂ ಬೀಗ ಒಂದು ಹೊಸ ಪ್ರಶ್ನೆ ಕೇಳುತ್ತದೆ, ಫೋನು ತನ್ನೊಳಗಿನ ಗುಪ್ತ ಕೀಲಿ ಬಳಸಿ ಉತ್ತರ ಕೊಡುತ್ತದೆ. ಹಿಂದಿನ ಉತ್ತರವನ್ನು ಕದ್ದು ಮತ್ತೆ ಕೇಳಿಸಿದರೆ ನಡೆಯುವುದಿಲ್ಲ.

ಸರಿಯಾಗಿ ಮಾಡಿದ ಬೀಗಕ್ಕೂ ಒಂದು ದಾರಿ ಉಳಿಯುತ್ತದೆ. ಒಬ್ಬ ನಿಮ್ಮ ಬಾಗಿಲ ಬಳಿ ನಿಲ್ಲುತ್ತಾನೆ, ಇನ್ನೊಬ್ಬ ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಮ್ಮ ಮಗನ ಪಕ್ಕ ನಿಲ್ಲುತ್ತಾನೆ, ಇಬ್ಬರ ಕೈಯಲ್ಲೂ ಒಂದೊಂದು ಯಂತ್ರ. ಬೀಗದ ಪ್ರಶ್ನೆಯನ್ನು ಇಲ್ಲಿಂದ ಅಲ್ಲಿಗೆ, ಫೋನಿನ ಉತ್ತರವನ್ನು ಅಲ್ಲಿಂದ ಇಲ್ಲಿಗೆ ದಾಟಿಸುತ್ತಾರೆ. ಫೋನು ಬಾಗಿಲ ಹತ್ತಿರವೇ ಇದೆ ಎಂದು ಬೀಗ ನಂಬುತ್ತದೆ. 2022ರ ಮೇ ತಿಂಗಳಲ್ಲಿ ಎನ್‌ಸಿಸಿ ಗ್ರೂಪ್ ಎಂಬ ಬ್ರಿಟನ್ನಿನ ಸೈಬರ್ ಭದ್ರತಾ ಕಂಪನಿಯವರು ಟೆಸ್ಲಾ ಕಾರು ಮತ್ತು ಕೆವೊ ಎಂಬ ಮನೆ ಬೀಗದ ಮೇಲೆ ಇದನ್ನು ಮಾಡಿ ತೋರಿಸಿದರು. ಇದು ನಡೆಯುವುದು "ಹತ್ತಿರ ಹೋದರೆ ತಾನಾಗಿ ತೆರೆಯುವ" ಸೌಕರ್ಯ ಚಾಲೂ ಇದ್ದಾಗ ಮಾತ್ರ. ಆ್ಯಪ್ ತೆರೆದು ಬಟನ್ ಒತ್ತಿದರಷ್ಟೇ ತೆರೆಯುವ ಹಾಗೆ ಇಟ್ಟರೆ ಈ ಆಟ ಮುಗಿಯಿತು. ಹಾಗಾಗಿ ನಿಮ್ಮ ಮಗನಿಗೆ ಯಾವುದು ಇಷ್ಟವಾಗಿದೆಯೋ ಅದನ್ನೇ ಮೊದಲು ಆಫ್ ಮಾಡಿಸಬೇಕು, ಪಾಪ.

ಆಫ್ ಮಾಡಲು ಇನ್ನೊಂದು ಕಾರಣವೂ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಕೆಲವು ಬೀಗಗಳು "ಮನೆಗೆ ಬಂದರು" ಎಂದು ತೀರ್ಮಾನಿಸುವುದಕ್ಕೆ ಜಿಪಿಎಸ್ ನೋಡುತ್ತವೆ. ಜಿಪಿಎಸ್‌ಗೆ ಮಹಡಿ ಸರಿಯಾಗಿ ಗೊತ್ತಾಗುವುದಿಲ್ಲ. ಕೆಳಗೆ ಗೇಟಿನ ಹತ್ತಿರ ಚಹಾ ಕುಡಿಯುತ್ತಾ ನಿಂತವನೂ ಎರಡನೇ ಮಹಡಿಯ ಬಾಗಿಲಲ್ಲಿ ನಿಂತವನೂ ಅದಕ್ಕೆ ಹೆಚ್ಚುಕಡಿಮೆ ಒಂದೇ. ಬಿಡಿ ಬಿಡಿ ಮನೆಗಳಿರುವ ದೇಶಕ್ಕೆ ಮಾಡಿದ ಸೌಕರ್ಯ ಅದು. ನಮ್ಮ ಬಿಲ್ಡಿಂಗ್‌ಗಳಿಗೆ ಹೊಂದುವುದಿಲ್ಲ. ಅದೂ ಅಲ್ಲದೆ ಬ್ಯಾಟರಿ ಉಳಿಸುವ ನೆಪದಲ್ಲಿ ಎಷ್ಟೋ ಆಂಡ್ರಾಯ್ಡ್ ಫೋನುಗಳು ಹಿಂದೆ ಓಡುತ್ತಿರುವ ಆ್ಯಪನ್ನು ಮಲಗಿಸಿಬಿಡುತ್ತವೆ. ಡೆಮೋದಲ್ಲಿ ಚಕ್ಕನೆ ತೆರೆದ ಬಾಗಿಲು, ರಾತ್ರಿ ಹತ್ತಕ್ಕೆ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ನಿಂತಾಗ ತೆರೆಯುವುದಿಲ್ಲ.

ಇಷ್ಟೆಲ್ಲ ಹೇಳಿದರೂ, ನಾನು ಕಳ್ಳತನ ಆದ ಮೇಲೆ ಬೀಗ ಬದಲಿಸಲು ಹೋದ ಮನೆಗಳಲ್ಲಿ ಕಂಡದ್ದು ಬ್ಲೂಟೂತ್ ಅಲ್ಲ. ಸ್ಕ್ರೂಡ್ರೈವರ್, ಸಣ್ಣ ಹಾರೆ, ಮುರಿದ ಕೊಂಡಿ, ಚೌಕಟ್ಟಿನಿಂದ ಕಿತ್ತು ಬಂದ ಲ್ಯಾಚ್. ಚೌಕಟ್ಟಿನ ಪಟ್ಟಿಗೆ ಅರ್ಧ ಇಂಚಿನ ಸ್ಕ್ರೂ ಹಾಕಿದ್ದರೆ ಬೀಗ ಎಷ್ಟು ಜಾಣ ಇದ್ದು ಏನು ಬಂತು? ಉದ್ದದ ಸ್ಕ್ರೂ ಹಾಕಿಸಿ. ಅದಕ್ಕೆ ಆ್ಯಪ್ ಬೇಕಾಗಿಲ್ಲ.

ಕರೆಂಟಿನ ಭಯಕ್ಕೆ ಆಧಾರವಿಲ್ಲ. ಮನೆ ಬಾಗಿಲಿನ ಇಂಥ ಬೀಗಗಳು ಹೆಚ್ಚಾಗಿ ನಾಲ್ಕು ಎಎ ಸೆಲ್ ಮೇಲೆ ಓಡುತ್ತವೆ, ಗೋಡೆಯ ಕರೆಂಟಿಗೂ ಅವಕ್ಕೂ ಸಂಬಂಧವಿಲ್ಲ. 2020ರ ಅಕ್ಟೋಬರ್ 12ರಂದು ಇಡೀ ಮುಂಬೈಗೆ ಕರೆಂಟ್ ಹೋಗಿ ಲೋಕಲ್‌ಗಳು ನಿಂತಿದ್ದವಲ್ಲ, ಅಂಥ ದಿನ ಕೂಡ ಸೆಲ್ ಬೀಗಕ್ಕೆ ಏನೂ ಆಗುವುದಿಲ್ಲ. ಈ ಗಾಳಿಸುದ್ದಿ ಎಲ್ಲಿಂದ ಹುಟ್ಟಿತು ಅಂದರೆ, ಆಫೀಸುಗಳ ಗಾಜಿನ ಬಾಗಿಲಿಗೆ ಅಯಸ್ಕಾಂತದ ಬೀಗ ಇರುತ್ತದೆ, ಅದು ಕರೆಂಟಿನ ಮೇಲೆ ನಿಂತಿರುವುದು. ಅದೂ ಕರೆಂಟ್ ಹೋದರೆ ತೆರೆದುಕೊಳ್ಳುತ್ತದೆಯೇ ಹೊರತು ಮುಚ್ಚಿಕೊಳ್ಳುವುದಿಲ್ಲ. ಒಳಗೆ ಸಿಕ್ಕಿಕೊಳ್ಳುವ ಮಾತಿಗೆ ಬಂದರೆ, ಒಳಗಿನಿಂದ ಕೈಯಿಂದ ತಿರುಗಿಸುವ ನಾಬ್ ಇರಲೇಬೇಕು. ಫೋನೂ ಬೇಡ, ಸೆಲ್ಲೂ ಬೇಡ, ತಿರುಗಿಸಿದರೆ ಬಾಗಿಲು ತೆರೆಯಬೇಕು. ಅತ್ತೆಯ ಕೈಯಲ್ಲೇ ಒಮ್ಮೆ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಆ ಬೀಗ ನಿಮ್ಮ ಮನೆಗೆ ಬೇಡ, ಮುಂದಿನ ಚರ್ಚೆಯೂ ಬೇಡ.

ಸೆಲ್ ಖಾಲಿ ಆಗುವುದು ಮಾತ್ರ ನಿಜವಾದ ತಾಪತ್ರಯ. ಬೀಗ ವಾರಗಳ ಮೊದಲೇ ಕೂಗಿಕೊಳ್ಳುತ್ತದೆ, ಜನ ಕೇಳುವುದಿಲ್ಲ. ಒಳ್ಳೆಯ ಬೀಗಕ್ಕೆ ಹೊರಗಡೆ 9 ವೋಲ್ಟ್ ಬ್ಯಾಟರಿ ಒತ್ತಿ ಹಿಡಿಯುವ ಎರಡು ಬಿಂದು, ಇಲ್ಲವೇ ಪವರ್ ಬ್ಯಾಂಕ್ ಚುಚ್ಚುವ ಯುಎಸ್‌ಬಿ ಕಿಂಡಿ ಇರುತ್ತದೆ. ಆಲ್ಕಲೈನ್ ಸೆಲ್ ಮಾತ್ರ ಹಾಕಿ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಸೋರಿ ಒಳಗೆಲ್ಲ ಹಾಳು ಮಾಡುತ್ತದೆ. ರೀಚಾರ್ಜ್ ಸೆಲ್ 1.5 ಬದಲು 1.2 ವೋಲ್ಟ್ ಕೊಡುವುದರಿಂದ ಎಷ್ಟು ಉಳಿದಿದೆ ಎಂಬ ಲೆಕ್ಕವೇ ಬೀಗಕ್ಕೆ ತಪ್ಪುತ್ತದೆ.

ಈಗ ಯಜಮಾನರ ಪ್ರಶ್ನೆ. ಮೂವರ ಪ್ರಶ್ನೆಗಳಲ್ಲಿ ತೂಕದ್ದು ಇದೇ. ಫೋನ್ ಕಳುವಾದರೆ ಜನ ಮೊದಲು ಸಿಮ್ ಬಂದ್ ಮಾಡಿಸುತ್ತಾರೆ, ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬ್ಲಾಕ್ ಮಾಡಿಸುತ್ತಾರೆ. ಮಾಡಿಸಲೇಬೇಕು. ಆದರೆ ಅದರಿಂದ ನಿಲ್ಲುವುದು ಮೊಬೈಲ್ ನೆಟ್‌ವರ್ಕ್ ಮಾತ್ರ. ಬ್ಲೂಟೂತ್ ಹಾಗೇ ಜೀವಂತ ಇರುತ್ತದೆ, ಬೀಗದ ಕೀಲಿಯೂ ಫೋನಿನೊಳಗೇ ಇರುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಮನೆಯ ಇನ್ನೊಬ್ಬರ ಫೋನಿನಿಂದ ಆ ಫೋನನ್ನು ಬೀಗದ ಪಟ್ಟಿಯಿಂದ ತೆಗೆಯಬೇಕು.

ತೆಗೆದ ಕೂಡಲೇ ಬೀಗಕ್ಕೆ ಗೊತ್ತಾಗುತ್ತದಾ? ಇಲ್ಲೊಂದು ಸೂಕ್ಷ್ಮ ಇದೆ. ನೀವು ತೆಗೆದದ್ದು ಕಂಪನಿಯ ಸರ್ವರ್‌ನಲ್ಲಿ. ಬೀಗ ಇರುವುದು ಬಾಗಿಲಲ್ಲಿ. ಎಷ್ಟೋ ಬೀಗಗಳಿಗೆ ಸ್ವಂತ ಇಂಟರ್ನೆಟ್ ಇಲ್ಲ, ಹತ್ತಿರ ಬಂದ ಫೋನೇ ಸುದ್ದಿ ಹೊತ್ತು ತರಬೇಕು. ಕದ್ದವನು ಇಂಟರ್ನೆಟ್ ಬಂದ್ ಮಾಡಿಕೊಂಡು ಬಂದರೆ "ನನ್ನ ಹೆಸರು ತೆಗೆದಿದ್ದಾರೆ" ಎಂಬ ಸುದ್ದಿಯನ್ನು ಅವನ ಫೋನು ಯಾಕೆ ತರುತ್ತದೆ? 2016ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಮಾರುಕಟ್ಟೆಯ ಐದು ಬೀಗಗಳನ್ನು ಪರಿಶೀಲಿಸಿ ಎತ್ತಿ ತೋರಿಸಿದ ಲೋಪಗಳಲ್ಲಿ ಇದೂ ಒಂದು. ಪರಿಹಾರ ಏನೆಂದರೆ, ಮನೆಯವರಲ್ಲಿ ಯಾರಾದರೂ ಬೇಗ ಮನೆ ಮುಟ್ಟಿ ತಮ್ಮ ಫೋನಿನಿಂದ ಬೀಗವನ್ನು ಒಮ್ಮೆ ತೆರೆದು ಹೊಸ ಪಟ್ಟಿ ಮುಟ್ಟಿಸಬೇಕು, ಇಲ್ಲವೇ ಬೀಗಕ್ಕೆ ವೈಫೈ ಜೋಡಿಸುವ ಪೆಟ್ಟಿಗೆ ಮನೆಯಲ್ಲಿರಬೇಕು. ಪುಣೆಯ ಹುಡುಗರಿಗೆ ಈ ಪ್ರಶ್ನೆ ಕೇಳಿ. ಉತ್ತರ ತಡವರಿಸಿದರೆ ಅವರಿಗಿನ್ನೂ ಕೆಲಸ ಬಾಕಿ ಇದೆ ಅಂತ ಅರ್ಥ. ಅಂದ ಹಾಗೆ ಪಿಕ್‌ಪಾಕೆಟ್ ಮಾಡಿದವನಿಗೆ ನಿಮ್ಮ ಮನೆ ಎಲ್ಲಿದೆ ಎಂದು ಗೊತ್ತಿರುವುದಿಲ್ಲ, ಫೋನಿಗೆ ಸ್ಕ್ರೀನ್ ಲಾಕ್ ಇದ್ದರೆ ಆ್ಯಪ್‌ವರೆಗೆ ಹೋಗುವುದೂ ಸುಲಭವಲ್ಲ. ಗಾಬರಿ ಬೇಡ, ಉದಾಸೀನವೂ ಬೇಡ.

ನೀವು ಕೇಳದೇ ಬಿಟ್ಟ ಕೆಲವು ಸಂಗತಿಗಳಿವೆ. ಕೂರಿಸುವವನ ಕಣ್ಣಿಗೆ ಬೀಳುವಂಥವು.

ನಿಮ್ಮಲ್ಲಿ ಮರದ ಬಾಗಿಲ ಹೊರಗೆ ಜಾಲಿಯ ಸೇಫ್ಟಿ ಡೋರ್ ಇದೆ ಅಲ್ವಾ? ಡೊಂಬಿವಲಿಯಲ್ಲಿ ಇಲ್ಲದ ಮನೆ ಅಪರೂಪ. ಅದಕ್ಕೆ ಮಾಮೂಲಿ ಬೀಗ ಇದ್ದರೆ ಅದರ ಚಾವಿಯನ್ನು ಹೇಗೂ ಒಯ್ಯಬೇಕು. ಆಮೇಲೆ ಚಾವಿಯೇ ಇಲ್ಲದ ಬಾಗಿಲು ಅಂತ ಹೇಳಿಕೊಂಡು ಏನು ಸುಖ? ಇನ್ನು ಎರಡು ಬಾಗಿಲುಗಳ ನಡುವಿನ ಜಾಗ ಅಳೆಯಿರಿ. ಈ ಬೀಗಗಳ ಹಿಡಿಕೆ ದಪ್ಪ, ಸೇಫ್ಟಿ ಡೋರ್ ಮುಚ್ಚುವಾಗ ಜಾಲಿಗೆ ಬಡಿಯುತ್ತದೆ. ಬಾಗಿಲ ದಪ್ಪವನ್ನೂ ನೋಡಿ. ಹಳೆಯ ಫ್ಲಶ್ ಬಾಗಿಲು 30 ಮಿ.ಮೀ. ಇರಬಹುದು, ಹಲವು ಬೀಗಗಳು 35 ಮಿ.ಮೀ.ಗಿಂತ ಕಡಿಮೆ ದಪ್ಪಕ್ಕೆ ಕೂರುವುದಿಲ್ಲ.

ಮಳೆಗಾಲ ಬಂದರೆ ನಮ್ಮ ಕಡೆ ಮರ ನೀರು ಕುಡಿದು ಉಬ್ಬುತ್ತದೆ. ಬಾಗಿಲನ್ನು ಭುಜದಿಂದ ನೂಕಿ ಚಾವಿ ತಿರುಗಿಸುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಮೋಟರ್‌ಗೆ ಭುಜ ಇಲ್ಲ. ಚೌಕಟ್ಟಿನ ತೂತಿಗೆ ಬೋಲ್ಟ್ ನೇರ ಹೋಗದಿದ್ದರೆ ಮೋಟರ್ ಒದ್ದಾಡುತ್ತದೆ, ಒಂದು ಸಲ ಅರ್ಧಕ್ಕೇ ನಿಲ್ಲುತ್ತದೆ, ಇನ್ನೊಂದು ಸಲ ಹೋಗುತ್ತದೆ, ಅಷ್ಟರಲ್ಲಿ ಸೆಲ್ ಹೀರಿ ಹಾಕುತ್ತದೆ. ಜುಲೈನಲ್ಲಿ ನನಗೆ ಬರುವ "ಬೀಗ ಕೆಟ್ಟಿದೆ" ಫೋನ್‌ಗಳಲ್ಲಿ ಕೆಟ್ಟದ್ದು ಬಾಗಿಲು, ಬೀಗ ಅಲ್ಲ. ಬಡಗಿಯನ್ನು ಕರೆದು ಅಂಚಿಗೆ ಸ್ವಲ್ಪ ಕೀಸುಳಿ ಹೊಡೆಸಿ, ಬೋಲ್ಟ್ ಕೂರುವ ತೂತನ್ನು ಚೂರು ದೊಡ್ಡದು ಮಾಡಿಸಿದರೆ ಮುಗಿಯಿತು. ಟ್ರಯಲ್ ಜನವರಿಯಲ್ಲಿ ಶುರುವಾಗಿ ಜೂನ್‌ಗೆ ಮುಗಿದರೆ ಆ ಬೀಗದ ಬಗ್ಗೆ ನಿಮಗೆ ಏನೂ ಗೊತ್ತಾಗಿರುವುದಿಲ್ಲ.

ಚಿಲಕದ ವಿಷಯ ಇನ್ನೂ ಮುಖ್ಯ. ಒಬ್ಬರೇ ಇರುವ ಹಿರಿಯರು ಮಧ್ಯಾಹ್ನ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗುತ್ತಾರೆ. ಆಗ ಯಾವ ಆ್ಯಪ್ ಇದ್ದೂ ಬಾಗಿಲು ತೆರೆಯುವುದಿಲ್ಲ. ಅವರು ಬಾತ್‌ರೂಮಿನಲ್ಲಿ ಜಾರಿದರೆ ಪಕ್ಕದ ಮನೆಯವರು ಬಾಗಿಲು ಒಡೆಯಬೇಕು. ಹಗಲು ಲ್ಯಾಚ್ ಮಾತ್ರ, ಚಿಲಕ ಬೇಡ ಎಂದು ಅತ್ತೆಯನ್ನು ಒಪ್ಪಿಸಲು ನಿಮಗೆ ಆಗದಿದ್ದರೆ ಈ ಯಾವ ಬೀಗಕ್ಕೂ ಖರ್ಚು ಮಾಡಬೇಡಿ.

ಇನ್ನು ಸ್ಟಾರ್ಟಪ್ ಎಂಬ ಮಾತು. ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬೈಯ ಲಾಲ್‌ಬಾಗಿನ ಒಂದು ಶೆಡ್ಡಿನಲ್ಲಿ ಬೀಗ ಮಾಡಲು ಕೂತಾಗ ಅವರದೂ ಹೊಸ ಕಂಪನಿಯೇ. ಅವರು ಮಾರನೇ ದಿನ ಅಂಗಡಿ ಮುಚ್ಚಿದ್ದರೂ ಮಾರಿದ ಬೀಗ ಮಾತ್ರ ತೆರೆಯುತ್ತಲೇ ಇರುತ್ತಿತ್ತು. ಮೊಬೈಲ್ ಬೀಗಕ್ಕೆ ಆ ಗ್ಯಾರಂಟಿ ಇಲ್ಲ. ಅಮೆರಿಕದಲ್ಲಿ ಒಟ್ಟೊ ಅಂತ ಒಂದು ಕಂಪನಿ 699 ಡಾಲರಿನ ಚೆಂದದ ಬೀಗ ಮಾಡಿತ್ತು. ಗಿರಾಕಿಗಳಿಗೆ ಕಳಿಸುವ ಹೊತ್ತಿಗೆ, 2017ರ ಡಿಸೆಂಬರಿನಲ್ಲಿ, ಕಂಪನಿಯೇ ಬಾಗಿಲು ಹಾಕಿತು. ಕಂಪನಿಯನ್ನು ಕೊಳ್ಳಲು ಬಂದಿದ್ದವರು ಕೊನೇ ಗಳಿಗೆಯಲ್ಲಿ ಹಿಂದೆ ಸರಿದಿದ್ದರು. ಅದೇ ವರ್ಷ ಆಗಸ್ಟಿನಲ್ಲಿ ಲಾಕ್‌ಸ್ಟೇಟ್ ಎಂಬ ಇನ್ನೊಂದು ಕಂಪನಿ ತನ್ನ ಬೀಗಗಳಿಗೆ ಇಂಟರ್ನೆಟ್ ಮೂಲಕ ತಪ್ಪು ಅಪ್‌ಡೇಟ್ ಕಳಿಸಿ ಸುಮಾರು 500 ಬೀಗಗಳನ್ನು ಕೆಡಿಸಿತು. ಬಾಡಿಗೆ ಮನೆಗಳ ಬಾಗಿಲಿಗೆ ಅತಿಥಿಗಳು ಬಂದು ನಿಂತಿದ್ದಾರೆ, ಕೋಡ್ ಒತ್ತಿದರೆ ಏನೂ ಆಗುತ್ತಿಲ್ಲ. ರಿಪೇರಿಗೆ ಬೀಗದ ಹಿಂಭಾಗ ಬಿಚ್ಚಿ ಅಂಚೆಯಲ್ಲಿ ಕಳಿಸಬೇಕಾಯಿತು. ಚೆನ್ನಾಗಿ ನಡೆದ ಕಂಪನಿಗಳೂ ಮಾರಾಟವಾಗುತ್ತವೆ. 2012ರಲ್ಲಿ ಶುರುವಾದ ಆಗಸ್ಟ್ ಎಂಬ ಕಂಪನಿಯನ್ನು 2017ರಲ್ಲಿ ಸ್ವೀಡನ್ನಿನ ದೊಡ್ಡ ಬೀಗದ ಕಂಪನಿ ಆಸ್ಸಾ ಅಬ್ಲಾಯ್ ಕೊಂಡುಕೊಂಡಿತು. ಕೊಂಡವರು ಹಳೆಯ ಆ್ಯಪನ್ನು ಎಷ್ಟು ವರ್ಷ ಸಾಕುತ್ತಾರೆ ಎಂಬುದು ಅವರಿಗೆ ಬಿಟ್ಟದ್ದು.

ಹಾಗಂತ ಹೊಸಬರೆಲ್ಲ ಬೇಡ ಎಂದು ನಾನು ಹೇಳುವುದಿಲ್ಲ, ನಮ್ಮ ಸೇಫ್ಟಿ ಡೋರ್, ನಮ್ಮ ಮಳೆ, ನಮ್ಮ ಬಾಯಿಯರ ಓಡಾಟ ಅರ್ಥ ಆಗುವುದು ಪುಣೆಯವರಿಗೇ ಹೊರತು ಕ್ಯಾಲಿಫೋರ್ನಿಯಾದವರಿಗಲ್ಲ. ಆದರೆ ಒಂದು ಪರೀಕ್ಷೆ ಪಾಸಾಗಬೇಕು: ಆ ಕಂಪನಿ ಇಲ್ಲದೆಯೂ ನಿಮ್ಮ ಬಾಗಿಲು ತೆರೆಯಬೇಕು. ಡೆಮೋಗೆ ಬಂದಾಗ ಅವರ ಎದುರೇ ವೈಫೈ ಆಫ್ ಮಾಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಬ್ಲೂಟೂತ್ ಒಂದನ್ನೇ ಆನ್ ಮಾಡಿ. ತೆರೆಯಿತಾ? ಈಗ ಸೆಲ್ ತೆಗೆಯಿರಿ. ಹೊರಗಿನಿಂದ ಹೇಗೆ ತೆರೆಯುತ್ತೀರಿ, ತೋರಿಸಿ ಅನ್ನಿ. ಚಾವಿಯೇ ಇಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಾರಲ್ಲ, ನನಗೆ ಅದೇ ಬೇಡವಾದ ಗುಣ. ಒಂದು ಚಾವಿ ತೂತು ಇರಲಿ, ಆ ಚಾವಿ ಮನೆಯೊಳಗಿನ ಡ್ರಾಯರಿನಲ್ಲಿರದೆ ಪಕ್ಕದ ಮನೆಯಲ್ಲಿರಲಿ.

ಇನ್ನು ಅತ್ತೆಯ ಮಂಡಿ. ಆ್ಯಪ್ ಇಲ್ಲದ, ನಂಬರ್ ಒತ್ತುವ ಬೀಗ ಒಂದು ದಾರಿ. ಬಾಯಿಗೆ ಸ್ಮಾರ್ಟ್‌ಫೋನ್ ಬೇಕಿಲ್ಲ, ನಾಲ್ಕಾರು ಅಂಕಿ ನೆನಪಿದ್ದರೆ ಸಾಕು. ಅವರಿಗೇ ಬೇರೆ ನಂಬರ್ ಕೊಡಿ, ಅವರು ಕೆಲಸ ಬಿಟ್ಟ ದಿನ ಅದೊಂದನ್ನು ಅಳಿಸಿ. ಅಪಾಯ ಅಂದರೆ ನಂಬರ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ, ಒತ್ತಿ ಒತ್ತಿ ಅದೇ ಗುಂಡಿಗಳು ಸವೆದು ಗುಟ್ಟು ಬಿಡುತ್ತವೆ. ಬೆರಳಚ್ಚನ್ನು ನಂಬಬೇಡಿ, ದಿನವಿಡೀ ಪಾತ್ರೆ ತೊಳೆಯುವ ಕೈಯ ಗೆರೆಗಳನ್ನು ಯಂತ್ರ ಎಷ್ಟೋ ಸಲ ಓದುವುದೇ ಇಲ್ಲ, ವಯಸ್ಸಾದವರದ್ದೂ ಅಷ್ಟೇ.

ನಿಮ್ಮ ಜಾಗದಲ್ಲಿ ನಾನಿದ್ದರೆ ಇದಕ್ಕಿಂತ ಹಳೆಯ ಸಾಮಾನಿಗೆ ಹೋಗುತ್ತಿದ್ದೆ. ಸೇಫ್ಟಿ ಡೋರ್‌ಗೆ 12 ವೋಲ್ಟಿನ ಎಲೆಕ್ಟ್ರಿಕ್ ಲ್ಯಾಚ್, ಜೊತೆಗೆ ವಿಡಿಯೋ ಡೋರ್ ಫೋನ್, ಅದರ ಪರದೆ ಅತ್ತೆಯ ಮಂಚದ ಪಕ್ಕ. ಹಗಲು ಮರದ ಬಾಗಿಲು ತೆರೆದಿರುತ್ತದೆ, ಜಾಲಿ ಮುಚ್ಚಿರುತ್ತದೆ. ಹೇಗೂ ನಮ್ಮ ಚಾಳು, ಬಿಲ್ಡಿಂಗ್‌ಗಳಲ್ಲಿ ಗಾಳಿಗೆಂದು ಹಾಗೇ ಇಡುತ್ತೇವೆ. ಬಾಯಿ ಬೆಲ್ ಹೊಡೆದರೆ ಅತ್ತೆ ಮುಖ ನೋಡಿ ಬಟನ್ ಒತ್ತುತ್ತಾರೆ. ಹೊರಗಿನಿಂದ ನಿಮಗೆ ಮಾಮೂಲಿ ಚಾವಿ, ಒಳಗಿನಿಂದ ಕೈಯಿಂದ ತೆರೆಯುವ ಗುಂಡಿ. ಕರೆಂಟ್ ಹೋದರೆ ಲ್ಯಾಚ್ ಮುಚ್ಚಿಯೇ ಇರುತ್ತದೆ, ಚಾವಿ ಕೆಲಸ ಮಾಡುತ್ತದೆ, ಬಟನ್ ಮಾತ್ರ ಕೆಲಸ ಮಾಡುವುದಿಲ್ಲ, ಅದಕ್ಕೊಂದು ಚಿಕ್ಕ ಬ್ಯಾಟರಿ ಇಟ್ಟರೆ ಮುಗಿಯಿತು. ಇದಕ್ಕೂ ಅಪಾಯ ಇದೆ: ಮುಖ ನೋಡದೆ ಒತ್ತುವ ಅಭ್ಯಾಸ. ಕೊರಿಯರ್‌ನವನಿಗೂ ಒತ್ತಿಬಿಡುತ್ತಾರೆ. ಅದನ್ನು ನೀವೇ ಹೇಳಿಕೊಡಬೇಕು. ಮಗನಿಗೆ ಇದರಲ್ಲಿ ಮಜಾ ಏನೂ ಕಾಣಿಸದು, ಗೊತ್ತು.

ಅವನ ಸಲುವಾಗಿ ಟ್ರಯಲ್‌ಗೆ ಒಪ್ಪುವುದಾದರೆ ಮರದ ಬಾಗಿಲಿಗೆ ಒಪ್ಪಿ, ಮೇಲಿನ ಪರೀಕ್ಷೆ ಪಾಸಾದ ಮೇಲೆ, ಮಳೆಗಾಲ ಸೇರುವ ಹಾಗೆ. ಬಾಯಿ ಎಷ್ಟು ಹೊತ್ತಿಗೆ ಬಂದರು ಹೋದರು ಎಂದೆಲ್ಲ ಆ ಆ್ಯಪ್ ಬರೆದಿಟ್ಟುಕೊಳ್ಳುತ್ತದೆ, ಅದನ್ನು ಅವರಿಗೆ ಮೊದಲೇ ಹೇಳಿ. ಆ ದಾಖಲೆ ಯಾರ ಹತ್ತಿರ ಎಷ್ಟು ದಿನ ಇರುತ್ತದೆ ಎಂದು ಕಂಪನಿಯಿಂದ ಬರೆಸಿಕೊಳ್ಳಿ. ಆರು ತಿಂಗಳ ಮೇಲೆ ತಿಂಗಳ ಬಾಡಿಗೆ ಎಷ್ಟು, ಕೊಡದಿದ್ದರೆ ಯಾವುದು ನಿಲ್ಲುತ್ತದೆ ಎಂಬುದೂ ಕಾಗದದ ಮೇಲಿರಲಿ. ಹಾಗೆಯೇ ಬೇಡವೆಂದರೆ ಬೀಗ ಬಿಚ್ಚಿಕೊಂಡು ಹೋಗಿ, ಬಾಗಿಲಿಗೆ ಕೊರೆದ ಅಂಗೈ ಅಗಲದ ತೂತು ಮುಚ್ಚಿ ಹಳೆಯ ಲ್ಯಾಚ್ ಮತ್ತೆ ಕೂರಿಸಿಕೊಡುವ ಖರ್ಚು ಅವರದೇ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಹಳೆಯ ಲ್ಯಾಚನ್ನು ಭಂಗಾರಿಗೆ (ಗುಜರಿಗೆ) ಹಾಕಬೇಡಿ.